ಐದು ಬೆರಳಿನ ಈಡು

ಮೊಮ್ಮಗಳ ಮಾತು ತೆಗೆದರೆ ನನಗೆ ನಿಲ್ಲಿಸಲು ಬರುವುದಿಲ್ಲ ಎಂದು ನನ್ನ ಹೆಂಡತಿ ಮನೆಗೆ ಬಂದವರಿಗೆಲ್ಲ ಬಾಗಿಲಲ್ಲೇ ಎಚ್ಚರಿಕೆ ಕೊಡುತ್ತಾಳೆ. ಕೊಡಲಿ ಬಿಡಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಊರಿಗೆ ಕಾಗದ ಬರೆದದ್ದು ಬಿಟ್ಟರೆ ಬೇರೇನೂ ಬರೆದವನಲ್ಲ. ಆದರೂ ಈ ಸಂತೋಷವನ್ನು ಒಳಗೇ ಇಟ್ಟುಕೊಂಡರೆ ಉಕ್ಕಿದ ಹಾಲಿನ ಹಾಗೆ ಒಲೆಯ ಮೇಲೆಲ್ಲ ಚೆಲ್ಲಿ ಹೋಗುತ್ತದೆ ಎನ್ನಿಸಿ ಬರೆಯಲು ಕುಳಿತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಹದಿನಾರು ವರ್ಷದ ಒಬ್ಬ ಹುಡುಗಿಗೆ ಎಲ್ಕ್ ಬೇಟೆಗೆ ಯಾವ ಕೋವಿ, ಯಾವ ತೋಟಾ ಎಂದು ಆರಿಸಿದ ಕತೆ ಇದು. ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಣ್ಣ ಎಂದುಕೊಳ್ಳಿ. ನಿಂತರೆ ಎತ್ತಿನ ಎತ್ತರ. ಗಂಡಿಗೆ ಒಣಮರದ ಕೊಂಬೆಯಂಥ ಕೊಂಬು.

ಪಿರಿಯಾಪಟ್ಟಣದಿಂದ ಆಚೆ, ಕಾಡು ಮುಗಿದು ಹೊಲ ಶುರುವಾಗುವ ಕಡೆ ನಮ್ಮ ಊರು. ಬೆಳೆ ಕಾಯುವುದಕ್ಕೆಂದು ಲೈಸೆನ್ಸ್ ಇದ್ದ ಒಂದು ಕೇಪಿನ ಕೋವಿ ನಮ್ಮಪ್ಪನ ಹತ್ತಿರ ಇತ್ತು. ನಳಿಕೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸೀಸದ ಗುಂಡು ಇಳಿಸಿ, ಗಜ ಎನ್ನುವ ಕಬ್ಬಿಣದ ಸರಳಿನಿಂದ ಜಡಿಯುವ ಕೋವಿ ಅದು. ಜಡಿದ ಮೇಲೆ ಗಜ ನಳಿಕೆಯಿಂದ ಎಷ್ಟು ಹೊರಗೆ ನಿಂತಿತು ಎಂದು ಬೆರಳು ಅಡ್ಡ ಇಟ್ಟು ಅಳೆಯುತ್ತಿದ್ದರು. ಹಾಗೆ ತುಂಬಿದ್ದಕ್ಕೆ ಈಡು ಎನ್ನುತ್ತಿದ್ದೆವು. ಮೊಲಕ್ಕೆ ಎರಡು ಬೆರಳಿನ ಈಡು, ಹಂದಿಗೆ ನಾಲ್ಕು, ಕಡವೆಗೆ ಐದು. ನನಗೆ ಹದಿಮೂರರ ಮೇಲೆ ಮಗ್ಗಿ ಬರುವುದಿಲ್ಲ. ಈ ಲೆಕ್ಕ ಮಾತ್ರ ಇವತ್ತಿಗೂ ಮರೆತಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ರಾಗಿ ಹೊಲಕ್ಕೆ ಬಂದ ಒಂದು ಕಡವೆಗೆ ಹೊಡೆದೆ. ಕೋವಿಯಲ್ಲಿದ್ದದ್ದು ಹಂದಿಗೆಂದು ತುಂಬಿದ ನಾಲ್ಕು ಬೆರಳಿನ ಈಡು. ಹತ್ತಿರದಲ್ಲೇ ಇತ್ತು, ಹೆಗಲಿಗೇ ತಾಗಿತು. ಆದರೆ ಕಡವೆ ಬೀಳಲಿಲ್ಲ, ಕುಂಟುತ್ತ ಕಾಡಿಗೆ ಹೋಯಿತು. ಅಪ್ಪ ಮೂರು ದಿನ ನನ್ನನ್ನು ರಕ್ತದ ಗುರುತು ಹಿಡಿದು ನಡೆಸಿದರು. ನಾಲ್ಕನೆಯ ದಿನ ಗುರುತೂ ಇಲ್ಲ, ಕಡವೆಯೂ ಇಲ್ಲ.

"ತಿನ್ನಕ್ಕೆ ಹೊಡೆದ್ರೆ ಪಾಪ ಇಲ್ಲ ಕಣ್ಲಾ. ಅರ್ಧ ಹೊಡೆದು ಬಿಟ್ರೆ ಅದು ನಿನ್ನ ಬೈಕೊಂಡೇ ಸಾಯ್ತದೆ" ಎಂದರು. ಒಂದು ವರ್ಷ ಕೋವಿ ಮುಟ್ಟಲು ಬಿಡಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಬೇಟೆ ಬಿದ್ದರೆ ಮಾಂಸವನ್ನು ಪಾಲು ಮಾಡಿ ಎಲೆಗಳ ಮೇಲೆ ಇಡುವುದು. ಬಂದವರಿಗೆಲ್ಲ ಒಂದೊಂದು ಪಾಲು, ನಾಯಿಗೂ ಒಂದು. ಯಾರ ಈಡಿಗೆ ಪ್ರಾಣಿ ಬಿತ್ತೋ ಅವನು ಮೊದಲ ಪಾಲನ್ನು ಎತ್ತಿ, ತನ್ನ ಕೈಗೆ ಕೋವಿ ಕೊಟ್ಟವನ ಕೈಗೆ ಇಡಬೇಕು. ಹಂದಿಯ ಪಾಲು ಅಪ್ಪನ ಕೈಗೆ ಇಟ್ಟಿದ್ದೇನೆ. ಕಡವೆಯ ಪಾಲು ಇಡಲಾಗಲಿಲ್ಲ. ಮುಂದೆ ಬೇಟೆಯೇ ನಿಂತಿತು, ಅಪ್ಪನೂ ಹೋದರು. ಆ ಒಂದು ಬೆರಳಿನ ಮದ್ದು ಕಡಿಮೆಯಾದದ್ದೇ ಎಲ್ಲಕ್ಕೂ ಕಾರಣ ಎಂದು ನಾನು ಐವತ್ತು ವರ್ಷಕ್ಕಿಂತ ಹೆಚ್ಚು ಕಾಲ ನಂಬಿಕೊಂಡಿದ್ದೆ.

ಮಗ ಸಾವಿರದ ಒಂಬೈನೂರ ಅರವತ್ತೈದರ ಸುಮಾರಿಗೆ ಓದಲು ಲಾಸ್ ಏಂಜಲೀಸ್‌ಗೆ ಬಂದವನು ಅಲ್ಲೇ ನಿಂತ. ಮೊಮ್ಮಗಳು ಹುಟ್ಟಿದ್ದೂ ಅಲ್ಲಿಯೇ. ಅವಳಿಗೆ ಆರು ತುಂಬಿದಾಗ ನಾವಿಬ್ಬರೂ ಬಂದು ಸೇರಿಕೊಂಡೆವು. ಆಮೇಲೆ ಮಗನಿಗೆ ರಾಂಚೊ ಬರ್ನಾರ್ಡೊದಲ್ಲಿ ಕೆಲಸವಾಯಿತು. ಸೊಸೆಗೂ ಸ್ಯಾನ್ ಡಿಯಾಗೋದ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಮೀರಾ ಮೆಸಾದಲ್ಲಿ ಮನೆ ಕೊಂಡರು. ದಿನವಿಡೀ ತಲೆಯ ಮೇಲೆ ನೇವಿಯ ಜೆಟ್‌ಗಳು ಹಾರಾಡುವ ಊರು. ನನ್ನ ಹೆಂಡತಿಗೆ ಮೊದಲ ತಿಂಗಳು ಪ್ರತಿ ಜೆಟ್ಟಿಗೂ ಎದೆ ಹೊಡೆದುಕೊಂಡಿತು. ಎರಡನೆಯ ತಿಂಗಳು ಫಿಲಿಪಿನೋ ಅಂಗಡಿಯಲ್ಲಿ ನುಗ್ಗೆಸೊಪ್ಪು ಸಿಕ್ಕಿತು ನೋಡಿ, ಜೆಟ್ ಕೇಳಿಸುವುದೇ ನಿಂತುಹೋಯಿತು.

ಪಕ್ಕದ ಮನೆಯಲ್ಲಿ ನೇವಿಯಿಂದ ರಿಟೈರ್ ಆದ ಒಬ್ಬರಿದ್ದರು. ನನ್ನ ವಯಸ್ಸಿನವರೇ. ಹುಟ್ಟಿದ್ದು ಮೊಂಟಾನಾದ ಬೆಟ್ಟಗಳ ಕಡೆ. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು. ಒಂದು ಮುದಿ ನಾಯಿ ಸಾಕಿಕೊಂಡು ಗರಾಜಿನಲ್ಲಿ ಕೂತು ತಾವೇ ತೋಟಾ ತುಂಬಿಕೊಳ್ಳುತ್ತಿದ್ದರು. ನನಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಆದರೂ ಆ ಗರಾಜಿನ ಮದ್ದಿನ ವಾಸನೆ ಒಂದು ದಿನ ನನ್ನನ್ನು ಒಳಗೆ ಕರೆಯಿತು. ಅವರು ಒಂದು ಸ್ಟೂಲ್ ಎಳೆದುಕೊಟ್ಟರು. ಅಂದಿನಿಂದ ಆ ಸ್ಟೂಲ್ ನನ್ನದೇ ಆಯಿತು. ಮಾತು ಬೇಕಾದಾಗ ಮೊಮ್ಮಗಳು ನಡುವೆ ನಿಂತು ಹೇಳುತ್ತಿದ್ದಳು.

ಮಗ ಅವರ ಜೊತೆ ಎರಡು ಸಲ ಕೊಲೊರಾಡೋಗೆ ಎಲ್ಕ್ ಬೇಟೆಗೆ ಹೋಗಿ ಬಂದಿದ್ದ. ಎಂಬತ್ತರ ದಶಕದ ನಡುವಿನ ಮಾತು. ಹದಿನಾರನೆಯ ಹುಟ್ಟುಹಬ್ಬದ ಕೇಕು ಕತ್ತರಿಸುತ್ತ ಮೊಮ್ಮಗಳು ಹೇಳಿದಳು.

"ಡ್ಯಾಡ್, ಈ ಸಲ ನಾನೂ ಬರ್ತೀನಿ."

"ಎಲ್ಲಿಗೆ?"

"ಎಲ್ಕ್‌ಗೆ."

"ಅಯ್ಯೋ ನಮ್ಮವ್ವ!" ಎಂದಳು ನನ್ನ ಹೆಂಡತಿ. "ಜಿರಲೆ ಕಂಡ್ರೆ ಮೇಜು ಹತ್ತೋಳು ನೀನು!"

"ಅಜ್ಜಿ, ಜಿರಲೆ ಈಸ್ ಡಿಫರೆಂಟ್."

ಅವಳು ತಮಾಷೆಗೆ ಹೇಳಿರಲಿಲ್ಲ. ಬೇಟೆಯವರಿಗೆ ಕಡ್ಡಾಯವಾದ ಸೇಫ್ಟಿ ಕ್ಲಾಸಿಗೆ ಹೋಗಿ ಸರ್ಟಿಫಿಕೇಟ್ ತಂದು ಮೇಜಿನ ಮೇಲಿಟ್ಟಳು. ಚಿಕ್ಕಂದಿನಿಂದ ನನ್ನ ಕಾಡಿನ ಕತೆ ಕೇಳಿ ಬೆಳೆದ ಹುಡುಗಿ. ಆ ಕಡವೆಯ ಕತೆಯನ್ನೂ ಅವಳಿಗೆ ಹೇಳಿದ್ದೆ, ಮುಚ್ಚಿಟ್ಟಿರಲಿಲ್ಲ.

ಪಕ್ಕದ ಮನೆಯವರು ಒಂದೇ ಕರಾರು ಹಾಕಿದರು. ಊಟಕ್ಕೆ ಬಳಸುವ ಕಾಗದದ ತಟ್ಟೆಯನ್ನು ನೂರೈವತ್ತು ಗಜ ದೂರದಲ್ಲಿ ನಿಲ್ಲಿಸುವುದು. ಎಲ್ಕ್‌ನ ಗುಂಡಿಗೆ, ಶ್ವಾಸಕೋಶ ಇರುವ ಜಾಗ ಅದಕ್ಕಿಂತ ಸ್ವಲ್ಪವೇ ದೊಡ್ಡದು. ಸೆಪ್ಟೆಂಬರಿನ ಕೊನೆಯ ಭಾನುವಾರದೊಳಗೆ, ಕುಳಿತು ಹೊಡೆದ ಐದು ಗುಂಡೂ ತಟ್ಟೆಯೊಳಗೆ ಬೀಳಬೇಕು. ಒಂದು ಹೊರಗೆ ಹೋದರೂ ಹುಡುಗಿ ಮನೆಯಲ್ಲೇ. ಇದಕ್ಕೆ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ನಾನು. ಇನ್ನೊಂದು ಪ್ರಾಣಿ ನಮ್ಮ ಮನೆಯವರ ಕೈಯಲ್ಲಿ ಗಾಯಗೊಂಡು ಕುಂಟುತ್ತ ಹೋಗಬಾರದು, ಅಷ್ಟೇ.

ಕೋವಿ ಕೊಳ್ಳಲು ಲಾಸ್ ಏಂಜಲೀಸ್‌ಗೆ ಹೋದೆವು. ಮಗನಿಗೆ ಹಳೆಯ ಪರಿಚಯದ ಒಂದು ಅಂಗಡಿ ಅಲ್ಲಿತ್ತು. ಅಂಗಡಿಯವನು ನನ್ನ ಮಗನ ಮುಖ ನೋಡಿದ, ಮೊಮ್ಮಗಳ ಹೆಗಲು ನೋಡಿದ, ಒಂದು ಗಿಡ್ಡ ತೋಟಾ ಕೌಂಟರಿನ ಮೇಲಿಟ್ಟ. ನಾನು ಬೆರಳು ಅಡ್ಡ ಇಟ್ಟು ಅಳೆದೆ. ನಾಲ್ಕು ಬೆರಳಿಗೂ ಒಂದು ಕೂದಲು ಕಡಿಮೆ. ಅದನ್ನು ಅಲ್ಲೇ ಇಟ್ಟು ಮಗನ ಕಡೆ ತಿರುಗಿದೆ.

"ಇದು ಹಂದಿಗೆ. ಬೇರೆ ತೋರ್ಸು ಅನ್ನು" ಎಂದೆ.

ಆಮೇಲೆ ಬಂದದ್ದು ಮ್ಯಾಗ್ನಮ್ ಎಂಬ ದೊಡ್ಡ ತೋಟಾ. ಹೆಬ್ಬೆರಳಿನ ದಪ್ಪ, ಬುಡಕ್ಕೆ ಉಡಿದಾರದ ಹಾಗೆ ಒಂದು ಪಟ್ಟಿ. ಬೆರಳಿಟ್ಟರೆ ನಾಲ್ಕು ದಾಟಿ ಐದನೆಯದಕ್ಕೆ ಅರ್ಧ ಬಂತು. ನನ್ನ ಕಣ್ಣು ತುಂಬಿತು ಎಂದರೆ ನಗಬೇಡಿ.

"ಇದೇ" ಎಂದೆ.

"ಅಪ್ಪ, ಇವಳಿಗೆ ಇದು ದೊಡ್ಡದಾಗಲ್ವಾ?" ಮಗ ಕೇಳಿದ.

"ಪ್ರಾಣಿ ದೊಡ್ಡದಲ್ವೇನೋ?"

ಅಂಗಡಿಯವನು ಗಿಡ್ಡದನ್ನೇ ಮತ್ತೆ ಮುಂದೆ ತಳ್ಳಿದ. ನಾನು ಹಿಂದಕ್ಕೆ ತಳ್ಳಿದೆ. ಅವನು ಇನ್ನೊಮ್ಮೆ ತಳ್ಳಿದ. ದೊಡ್ಡದನ್ನು ಮಾರಿದರೆ ಅವನಿಗೇ ಲಾಭ, ಆದರೂ ಚಿಕ್ಕದನ್ನು ಹೇಳುತ್ತಿದ್ದಾನಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಮೊಮ್ಮಗಳು ನನ್ನ ಮುಖ ನೋಡಿ, "ಇಟ್ಸ್ ಓಕೆ ಡ್ಯಾಡ್, ತಾತಂಗೆ ಗೊತ್ತು" ಎಂದಳು. ದೊಡ್ಡ ಕೆಲಸದಲ್ಲಿರುವ ಇಂಜಿನಿಯರ್ ಮಗ ಅಪ್ಪನ ಬೆರಳಿನ ಮುಂದೆ ಸೋತು ದುಡ್ಡು ಎಣಿಸಿಕೊಟ್ಟ.

ಸ್ಯಾನ್ ಡಿಯಾಗೋದ ಪೂರ್ವಕ್ಕೆ ಕುರುಚಲು ಗುಡ್ಡಗಳ ನಡುವೆ ಗುಂಡು ಹಾರಿಸುವ ರೇಂಜ್ ಒಂದಿತ್ತು. ನೆರಳಿಗೆ ತಗಡಿನ ಚಪ್ಪರ, ಹಾವಿದೆ ಎಂದು ಎಚ್ಚರಿಸುವ ಬೋರ್ಡು, ಉರಿಬಿಸಿಲು. ಮೊಮ್ಮಗಳು ಮೊದಲ ಗುಂಡನ್ನು ತಟ್ಟೆಯ ನಡುವಿಗೇ ಹೊಡೆದಳು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಆದರೆ ಆ ಕೋವಿ ಕತ್ತೆ ಒದ್ದ ಹಾಗೆ ಒದೆಯಿತು. ಅವಳು ಬೆಂಚಿನಿಂದ ಅರ್ಧ ಅಡಿ ಹಿಂದಕ್ಕೆ ಹೋದಳು. ಎರಡನೆಯದು ತಟ್ಟೆಯ ಅಂಚಿಗೆ. ಮೂರನೆಯದು ಎಲ್ಲಿಗೆ ಹೋಯಿತೋ ಆ ಗುಡ್ಡಕ್ಕೇ ಗೊತ್ತು.

"ಗಟ್ಟಿಯಾಗಿ ಹಿಡ್ಕೋ ಮಗಳೇ" ಎಂದೆ. ಗಟ್ಟಿಯಾಗಿ ಹಿಡಿದಳು. ಇನ್ನೂ ಕೆಟ್ಟಿತು.

ಮನೆಗೆ ಬಂದಾಗ ಅವಳ ಹೆಗಲು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನನ್ನ ಹೆಂಡತಿ ಎಳ್ಳೆಣ್ಣೆ ಬಿಸಿ ಮಾಡಿಕೊಂಡು ಬಂದು ಹಚ್ಚುತ್ತ ಕೂತಳು. ಹಚ್ಚುತ್ತಲೇ ಅಡುಗೆಮನೆಯಲ್ಲಿದ್ದ ನನಗೆ ಕೇಳುವ ಹಾಗೆ ಹೇಳಿದಳು.

"ಐದು ಬೆರಳಿನ ಈಡಂತೆ! ಇವರ ಐದು ಬೆರಳೂ ಮಗೀನ ಹೆಗಲ ಮೇಲೆ ಮೂಡವೆ, ಬಂದು ನೋಡ್ಕೊಳ್ಳಿ."

ನೋಡಲು ಹೋಗುವ ಧೈರ್ಯ ನನಗಾಗಲಿಲ್ಲ.

ಆಗಸ್ಟ್ ತಿಂಗಳೆಲ್ಲ ಹೀಗೇ ಹೋಯಿತು. ಹೆಗಲಿಗೆ ಟವೆಲ್ ಇಟ್ಟೆವು, ಸ್ಪಂಜು ಇಟ್ಟೆವು. ಐದರಲ್ಲಿ ಎರಡು ತಟ್ಟೆಗೆ, ಮತ್ತೊಂದು ವಾರ ಐದರಲ್ಲಿ ಒಂದು. ಒಂದು ಭಾನುವಾರ ಬೆಳಿಗ್ಗೆ ಕಾರು ಹೊರಡುವ ಹೊತ್ತಿಗೆ ಅವಳು ಶೂ ಕಟ್ಟಿಕೊಳ್ಳದೆ ಮೆಟ್ಟಿಲ ಮೇಲೆ ಕೂತಿದ್ದಳು.

"ಯಾಕವ್ವ, ಹೊರಡಲ್ವ?"

"ಐ ಡೋಂಟ್ ವಾಂಟ್ ಟು ಗೋ, ತಾತ."

"ನೋವಾ?"

ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ತನಗೆ ಬರುವ ಕನ್ನಡವನ್ನೆಲ್ಲ ಒಟ್ಟು ಮಾಡಿಕೊಂಡು ಹೇಳಿದಳು. "ನಾನು ಬೆಟ್ಟಕ್ಕೆ ಬಂದ್ರೆ ಎಲ್ಕ್‌ಗೆ ಎಲ್ಲೋ ತಾಗುತ್ತೆ. ಕಾಲಿಗೋ, ಹೊಟ್ಟೆಗೋ. ಆಮೇಲೆ ಅದು ಓಡಿ ಹೋಗುತ್ತೆ. ನಿಮ್ಮ ಕಡವೆ ಥರ. ನನಗೆ ಬೇಡ ತಾತ."

ನಾನು ಅವಳ ಪಕ್ಕ ಕೂತೆ. ಮೊಣಕಾಲು ಲಟಕ್ ಎಂದಿತು. ಯಾವುದು ಆಗಬಾರದು ಎಂದು ಆ ದೊಡ್ಡ ಕೋವಿ ಕೊಡಿಸಿದ್ದೆನೋ ಅದಕ್ಕೇ ಹೆದರಿ ಹುಡುಗಿ ಕೂತಿದ್ದಾಳೆ. ತಪ್ಪು ಹುಡುಗಿಯದಲ್ಲ ಎಂದು ಗೊತ್ತಾಯಿತು. ತಪ್ಪು ಎಲ್ಲಿದೆ ಎಂದು ಮಾತ್ರ ಗೊತ್ತಾಗಲಿಲ್ಲ. ಎದ್ದು ಪಕ್ಕದ ಮನೆಯ ಗರಾಜಿಗೆ ಹೋದೆ. ಅವರ ಮುಂದೆ ಕೈ ಮುಗಿದು, ನನ್ನ ಹೆಗಲು ತೋರಿಸಿ, ನಮ್ಮ ಮನೆಯ ಕಡೆ ಬೆರಳು ಮಾಡಿದೆ. ಅವರು ಟೋಪಿ ಹಾಕಿಕೊಂಡರು, ನಾಯಿಯನ್ನೂ ಹತ್ತಿಸಿಕೊಂಡು ನಮ್ಮ ಜೊತೆ ಬಂದರು. ಅವರು ಬಂದರೆಂದು ಮೊಮ್ಮಗಳೂ ಶೂ ಕಟ್ಟಿಕೊಂಡಳು.

ರೇಂಜಿನಲ್ಲಿ ಅವರು ಒಂದು ಆಟ ಮಾಡಿದರು. ಕೋವಿಯನ್ನು ತಾವೇ ತುಂಬಿ ಅವಳ ಕೈಗೆ ಕೊಡುವುದು. ಒಮ್ಮೆ ನಿಜವಾದ ತೋಟಾ, ಒಮ್ಮೆ ಖಾಲಿ. ಯಾವುದು ಎಂದು ಹೇಳುವುದಿಲ್ಲ. ಎರಡನೆಯ ಸಲ ಅವಳು ಟ್ರಿಗರ್ ಎಳೆದಾಗ 'ಟಿಕ್' ಎಂದಿತು, ಅಷ್ಟೇ. ಆದರೆ ಸದ್ದೇ ಬಾರದ ಆ ಕೋವಿಯ ಮೂತಿ ಒಂದು ಗೇಣು ಕೆಳಗೆ ಹೋಯಿತು! ಕಣ್ಣು ಮುಚ್ಚಿತ್ತು, ಹೆಗಲು ಮುಂದಕ್ಕೆ ನುಗ್ಗಿತ್ತು. ಒದೆ ಬೀಳುವ ಮೊದಲೇ ಮೈ ಒದೆಗೆ ಹೆದರಿಕೊಂಡಿತ್ತು.

"ನೋಡಿದ್ಯಾ, ಕಣ್ಣು ಮುಚ್ತೀಯಾ ನೀನು" ಎಂದು ನಾನು ಬುದ್ಧಿ ಹೇಳಲು ಹೋದೆ. ಪಕ್ಕದ ಮನೆಯವರು ಕೋವಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಬೆನ್ನು ತಿರುಗಿಸಿ ಏನೋ ಮಾಡಿ, ನನ್ನ ಕೈಗೆ ಕೊಟ್ಟರು.

ಎಪ್ಪತ್ತು ದಾಟಿದ ಈಡುಗಾರ ನಾನು. ಎದೆ ಮುಂದೆ ಮಾಡಿ ಕೂತೆ, ಗುರಿ ಹಿಡಿದೆ, ಎಳೆದೆ. ಟಿಕ್!

ಕೋವಿಯ ಮೂತಿ ಬೆಂಚಿಗೇ ಬಡಿಯಿತು. ನನ್ನ ಬಾಯಿಂದ 'ಹುಕ್' ಎಂದು ಒಂದು ಸದ್ದು ಬೇರೆ ಬಂದಿತ್ತು.

"ತಾತ! ನೀವೂ!" ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗ ನಗು ತಡೆಯಲಾಗದೆ ಕಾರಿನ ಹಿಂದೆ ಹೋದ. ಒಂದು ತಿಂಗಳ ಮೇಲೆ ಆ ಹುಡುಗಿ ನಕ್ಕದ್ದು. ಆ ನಗುವಿಗೆ ನನ್ನ ಮಾನ ಹೋದದ್ದೇನು ದೊಡ್ಡದಲ್ಲ.

ಪಕ್ಕದ ಮನೆಯವರು ನನ್ನ ಬೆನ್ನು ತಟ್ಟಿ ಏನೋ ಹೇಳಿದರು. ಅವಳು ಕಣ್ಣು ಒರೆಸಿಕೊಳ್ಳುತ್ತ ಕನ್ನಡಕ್ಕೆ ತಂದಳು. "ಗನ್ ಎಷ್ಟು ದೊಡ್ಡದು ಅಂತ ಎಲ್ಕ್‌ಗೆ ಗೊತ್ತಾಗಲ್ವಂತೆ. ಬುಲೆಟ್ ಎಲ್ಲಿ ಬಿತ್ತು ಅಂತ ಮಾತ್ರ ಗೊತ್ತಾಗುತ್ತಂತೆ."

ಮಾರನೆಯ ದಿನ ಸಂಜೆ ಅವರು ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಹಳೆಯ ಕಂಬಳಿ ಸುತ್ತಿದ ಒಂದು ಕೋವಿ. ನಳಿಕೆಯ ಬಾಯಿ ಸೆವೆನ್ ಎಂಎಂ, ಹಳೆಯ ಕಾಲದ್ದು. ಮರದ ಹಿಡಿಯನ್ನು ಒಂದು ಅಂಗುಲ ಕೊಯ್ದು ಗಿಡ್ಡ ಮಾಡಿ, ಕೊನೆಗೆ ರಬ್ಬರ್ ಪಟ್ಟಿ ಹಚ್ಚಿದ್ದರು. ಅದು ಅವರ ಹೆಂಡತಿಯದು. ಮದುವೆಯಾದ ಹೊಸದರಲ್ಲಿ, ಆಕೆಯ ತೋಳಿಗೆ ಸರಿಯಾಗಲೆಂದು ಇವರೇ ಕೊಯ್ದದ್ದಂತೆ. ಆಕೆ ಮೊಂಟಾನಾದ ಬೆಟ್ಟಗಳಲ್ಲಿ ಅದೇ ಕೋವಿಯಿಂದ ಎಷ್ಟೋ ಚಳಿಗಾಲದ ಮಾಂಸ ಮನೆಗೆ ತಂದಿದ್ದರಂತೆ. ಆಕೆ ಹೋದ ಮೇಲೆ ಅದನ್ನು ಯಾರೂ ಹೆಗಲಿಗೆ ಇಟ್ಟಿರಲಿಲ್ಲ.

ಮೊಮ್ಮಗಳು ಎತ್ತಿ ಹೆಗಲಿಗಿಟ್ಟಳು. ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ ಕೂತುಕೊಂಡಿತು. ಆ ಮನುಷ್ಯ ಎರಡು ಸಲ ತಲೆಯಾಡಿಸಿ, ನಾಯಿಯನ್ನು ಕರೆದುಕೊಂಡು ಹೊರಟುಹೋದರು. ಅವರ ಬೆನ್ನಿಗೆ ನಾನು ಕೈ ಮುಗಿದೆ. ಅವರು ನೋಡಲಿಲ್ಲ.

ಅದರ ತೋಟಾವನ್ನು ಕದ್ದು ಬೆರಳಿಟ್ಟು ಅಳೆದೆ. ನಾಲ್ಕು. ಬಾಯಿ ಮುಚ್ಚಿಕೊಂಡಿದ್ದೆ.

ಕೋವಿ ನಿಶ್ಚಯವಾಯಿತು. ಇನ್ನು ಅದಕ್ಕೆ ಯಾವ ಗುಂಡು? ಗರಾಜಿನ ಬೆಂಚಿನ ಮೇಲೆ ಮೂರು ಡಬ್ಬಿ ಬಂದವು. ನೂರನಲವತ್ತು ಗ್ರೇನ್, ನೂರರವತ್ತು, ನೂರೆಪ್ಪತ್ತೈದು. ಗ್ರೇನ್ ಎಂದರೆ ಅಕ್ಕಸಾಲಿಯ ಗುಂಜಿಯ ಹಾಗೆ ಒಂದು ಸಣ್ಣ ತೂಕ. ಮದ್ದನ್ನೂ ಅದರಲ್ಲೇ ತೂಗುತ್ತಾರೆ. ಪುಸ್ತಕದಲ್ಲಿ ಬರೆದಿದ್ದಷ್ಟೇ, ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ಒಮ್ಮೆ ಅವರು ತೂಗಿಟ್ಟ ಮದ್ದಿನ ಮೇಲೆ ಒಂದು ಚಿಟಿಕೆ ಹಾಕಲು ನನ್ನ ಕೈ ತಾನಾಗಿಯೇ ಹೋಯಿತು. ನಮ್ಮಪ್ಪ ಅಳತೆಯಾದ ಮೇಲೆ ಕಾಡುದೇವರಿಗೆಂದು ಯಾವಾಗಲೂ ಒಂದು ಚಿಟಿಕೆ ಹಾಕುತ್ತಿದ್ದರು. ಪಕ್ಕದ ಮನೆಯವರು ನನ್ನ ಮಣಿಕಟ್ಟನ್ನು ಗಪ್ಪನೆ ಹಿಡಿದರು. ಯಾಕೆ ಎಂದು ಮೊಮ್ಮಗಳು ವಿವರಿಸಿದಳು. ನಮ್ಮ ಕರಿಮದ್ದು ಬೇರೆಯಂತೆ, ಇದು ಬೇರೆಯಂತೆ.

"ಆ ದೇವರು ನಿಮ್ಮ ಊರಲ್ಲೇ ಇರಲಿ ಅಂತ ಅಂಕಲ್ ಹೇಳ್ತಿದ್ದಾರೆ. ಇಲ್ಲಿಗೆ ಬಂದ್ರೆ ಗನ್ ನಮ್ಮ ಮುಖಕ್ಕೆ ಸಿಡಿಯುತ್ತಂತೆ."

ಗುಂಡನ್ನು ಪರೀಕ್ಷೆ ಮಾಡಿದ ರೀತಿ ಮಾತ್ರ ನನಗೆ ಬಹಳ ಹಿಡಿಸಿತು. ಹಳೆಯ ಟೆಲಿಫೋನ್ ಡೈರೆಕ್ಟರಿಗಳನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಒಂದರ ಹಿಂದೊಂದು ಜೋಡಿಸಿ, ಮುಂದೆ ಮಾಂಸದಂಗಡಿಯಿಂದ ತಂದ ಒಂದು ದಪ್ಪ ಮೂಳೆ ಕಟ್ಟುವುದು. ಅದೇ ಎಲ್ಕ್‌ನ ಹೆಗಲು. ರೇಂಜಿನಲ್ಲಿ ಅದಕ್ಕೆ ಹೊಡೆದು, ಒದ್ದೆ ಹಾಳೆಗಳನ್ನು ಬಗೆದು ಗುಂಡು ಹುಡುಕುವುದು. ಆ ಊರಿನವರ ಹೆಸರು, ನಂಬರು ಎಲ್ಲ ತೂತಾಗಿ ಹೋದವು, ಪಾಪ.

ನೂರೆಪ್ಪತ್ತೈದರ ಗುಂಡು ಆಳಕ್ಕೆ ಹೋಯಿತು, ಆದರೆ ಅದಕ್ಕೆ ಒದೆ ಜಾಸ್ತಿ. ದೂರದಲ್ಲಿ ಕೆಳಗೂ ಇಳಿಯುತ್ತಿತ್ತು. ಅವಳ ಕಣ್ಣು ಮತ್ತೆ ಮುಚ್ಚತೊಡಗಿತು. ಅದನ್ನು ಬದಿಗಿಟ್ಟೆವು. ನೂರನಲವತ್ತರದು ಮೆತ್ತನೆಯ ಸೀಸ, ಹೊಡೆಯಲು ಹಗುರ, ಅವಳಿಗೆ ಬಹಳ ಇಷ್ಟವಾಯಿತು. ಆದರೆ ಹಾಳೆ ಬಗೆದಾಗ ಗುಂಡು ಇರಲೇ ಇಲ್ಲ. ಮೂಳೆಗೆ ತಾಗಿದ್ದೇ ಪುಡಿಯಾಗಿ, ಮೊದಲ ಪುಸ್ತಕದಲ್ಲೇ ಚೂರುಚೂರು ಚೆಲ್ಲಿತ್ತು.

ಆ ಚೂರುಗಳನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ಚಪ್ಪರದ ಕೆಳಗೆ ಕೂತುಬಿಟ್ಟೆ. ನಮ್ಮ ಮನೆಯಲ್ಲಿ ಗುಂಡು ಎರೆಯುತ್ತಿದ್ದುದು ಇಂಥ ಮೆತ್ತನೆಯ ಸೀಸದಲ್ಲೇ. ಆ ಕಡವೆಗೆ ತಾಗಿದ್ದು ಹೆಗಲ ಮೂಳೆಗೇ. ಹಾಗಾದರೆ ಮದ್ದು ಕಡಿಮೆಯಾದದ್ದಲ್ಲ. ಐದು ಬೆರಳಲ್ಲ, ಆರು ಬೆರಳು ತುಂಬಿದ್ದರೂ ಆ ಗುಂಡು ಮೂಳೆಯ ಮೇಲೆ ಹೀಗೇ ಒಡೆಯುತ್ತಿತ್ತೋ ಏನೋ. ಅಷ್ಟು ವರ್ಷ ನಾನು ಬೈದುಕೊಂಡದ್ದು ಸಲ್ಲದ ಒಂದು ಬೆರಳನ್ನು.

"ತಾತ, ಆರ್ ಯು ಓಕೆ?"

"ಏನಿಲ್ಲ ಮಗಳೇ. ಬಹಳ ಹಳೇ ಲೆಕ್ಕ ಒಂದು ತಪ್ಪಾಗಿತ್ತು, ಈಗ ಗೊತ್ತಾಯ್ತು."

ಉಳಿದದ್ದು ನೂರರವತ್ತು. ಆ ಗುಂಡಿನ ಹೊಟ್ಟೆಯೊಳಗೆ ತಾಮ್ರದ ಒಂದು ಅಡ್ಡಗೋಡೆ ಇರುತ್ತದೆ. ಮುಂದಿನ ಸೀಸ ಹರಡಿಕೊಂಡರೂ ಹಿಂದಿನದು ಗೋಡೆಯ ಹಿಂದೆ ಗಟ್ಟಿಯಾಗಿ ಉಳಿಯುತ್ತದೆ. ಮೂಳೆ ಮುರಿದು, ಪುಸ್ತಕಗಳನ್ನೆಲ್ಲ ದಾಟಿ, ಕೊನೆಯದರ ರಟ್ಟಿನಲ್ಲಿ ಸಿಕ್ಕಿತು, ಅಣಬೆಯ ಹಾಗೆ ಅರಳಿಕೊಂಡು. ತಕ್ಕಡಿಗೆ ಹಾಕಿದರೆ ಹೆಚ್ಚಿನ ತೂಕ ಹಾಗೇ ಇತ್ತು. ಒದೆಯೂ ಅವಳ ಹೆಗಲು ತಡೆಯುವಷ್ಟೇ. ಮೂವರು ಗಂಡಸರೂ ಅವಳ ಮುಖ ನೋಡಿದೆವು.

"ದಿಸ್ ಒನ್" ಎಂದಳು.

ಅಂದಿನಿಂದ ಅವಳು ಹೊಡೆಯುವುದನ್ನು ನೋಡುವುದೇ ಒಂದು ಹಬ್ಬವಾಯಿತು. ಸೆಪ್ಟೆಂಬರಿನ ಕೊನೆಯ ಭಾನುವಾರ ಗಾಳಿ ಇತ್ತು. ಒಂದು, ಎರಡು, ಮೂರು ತಟ್ಟೆಗೆ. ನಾಲ್ಕನೆಯದಕ್ಕೆ ಗುರಿ ಹಿಡಿದವಳು ಬೆರಳು ಹೊರಗೆ ತೆಗೆದು, ಕೋವಿ ಇಳಿಸಿ, ಗಾಳಿ ನಿಲ್ಲುವವರೆಗೆ ಸುಮ್ಮನೆ ಕೂತಳು. ನನಗೆ ಉಸಿರು ಬಿಡಲೂ ಭಯ. ಮತ್ತೆ ಹಿಡಿದಳು. ನಾಲ್ಕು. ಐದು. ಆ ತೂತುಬಿದ್ದ ಕಾಗದದ ತಟ್ಟೆ ಇವತ್ತಿಗೂ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ಆ ದೊಡ್ಡ ಮ್ಯಾಗ್ನಮನ್ನು ಮಗ ಅಂಗಡಿಗೇ ಹಿಂದಿರುಗಿಸಿದ. ಬೆರಳಿಟ್ಟು ಅಳೆದ ಮುದುಕ ಎಲ್ಲಿ ಎಂದು ಅಂಗಡಿಯವನು ನಗುತ್ತ ಕೇಳಿದನೆಂದು ಹೇಳಬೇಕೆ?

ಅಕ್ಟೋಬರಿನಲ್ಲಿ ಕೊಲೊರಾಡೋಗೆ ಹೊರಟೆವು. ಪಕ್ಕದ ಮನೆಯವರು, ಮಗ, ಮೊಮ್ಮಗಳು, ಬೇಡವೆಂದರೂ ಬಿಡದ ನಾನು. ಹೆಂಡತಿ ಚಕ್ಕುಲಿ ಕಟ್ಟಿಕೊಟ್ಟಿದ್ದಳು. ನಾಯಿಗೆ ಮೊಣಕಾಲು ನೋವೆಂದು ಅದು ಅವಳ ಹತ್ತಿರವೇ ಉಳಿಯಿತು. ಬೆಟ್ಟದಲ್ಲಿ ಬೆಳ್ಳಗಿನ ಕಾಂಡದ ಮರಗಳು, ಅರಿಶಿನದಂಥ ಎಲೆಗಳು, ಬಾಯಿ ತೆರೆದರೆ ಹಲ್ಲು ಮರಗಟ್ಟುವ ಚಳಿ.

ಎರಡನೆಯ ದಿನ ನಾನೂ ಅವಳೂ ಒಂದು ಬಿದ್ದ ಮರದ ಹಿಂದೆ ಕೂತಿದ್ದೆವು. ಮಗ ಹಿಂದೆ ಸ್ವಲ್ಪ ದೂರದಲ್ಲಿದ್ದ. ಬಯಲಿನ ಅಂಚಿಗೆ ಒಂದು ಗಂಡು ಎಲ್ಕ್ ಬಂದು ನಿಂತಿತು. ನೂರು ಗಜವೂ ಇರಲಿಲ್ಲ. ಅಂಥ ಕೊಂಬನ್ನು ನನ್ನ ಆಯಸ್ಸಿನಲ್ಲಿ ನೋಡಿರಲಿಲ್ಲ. ನನ್ನ ಎಪ್ಪತ್ತು ವರ್ಷ ಎಲ್ಲಿ ಹೋಯಿತೋ, ಹದಿನೇಳರ ಹುಡುಗ ಒಳಗೆ ಎದ್ದು ನಿಂತ.

"ಹೊಡಿ" ಎಂದು ಪಿಸುಗುಟ್ಟಿದೆ. "ಹೊಡಿ ಮಗಳೇ, ಹೋಗ್ಬಿಡ್ತದೆ."

ಅವಳು ಕೋವಿಯ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. ಬೆರಳು ಟ್ರಿಗರಿನ ಹೊರಗೇ ಇತ್ತು.

"ಇಲ್ಲ ತಾತ. ಹಿಂದೆ ಇನ್ನೊಂದಿದೆ."

ಕಣ್ಣು ಕಿರಿದು ಮಾಡಿ ನೋಡಿದೆ. ಹೌದು. ಗಂಡಿನ ಹಿಂದೆ ಮರದ ನೆರಳಿನಲ್ಲಿ ಒಂದು ಹೆಣ್ಣು, ಅದರ ಪಕ್ಕದಲ್ಲಿ ಮರಿ.

"ಈ ಬುಲೆಟ್ ಒಂದರಲ್ಲೇ ನಿಲ್ಲಲ್ಲ. ಬುಕ್ಸ್ ಎಲ್ಲಾ ದಾಟಿತ್ತಲ್ಲ, ನೀವೇ ನೋಡಿದ್ರಿ."

ಗಂಡು ತಲೆ ಎತ್ತಿ ಗಾಳಿ ಮೂಸಿತು. ಮೂರೂ ಮರಗಳ ನಡುವೆ ಕರಗಿದವು. ಅವಳು ಕೋವಿ ಇಳಿಸಿ, ಚಕ್ಕುಲಿ ಮುರಿದು ಅರ್ಧ ನನಗೆ ಕೊಟ್ಟಳು. ಅದನ್ನು ಕೈಯಲ್ಲೇ ಹಿಡಿದುಕೊಂಡು ಅವಳನ್ನೇ ನೋಡಿದೆ. ನಾನು ಕಲಿಸದ ಒಂದು ಪಾಠ ಈ ಹುಡುಗಿಗೆ ಎಲ್ಲಿಂದ ಬಂತು? ದೇವರು ಕೊಟ್ಟ ಎಂದುಕೊಂಡೆ, ಒದ್ದೆಯಾದ ಟೆಲಿಫೋನ್ ಪುಸ್ತಕದಲ್ಲಿ ಬರೆದುಕೊಟ್ಟ.

ಮೂರನೆಯ ದಿನ ಬೆಳಗಾದ ಸ್ವಲ್ಪ ಹೊತ್ತಿಗೆ ಒಂದು ಎಳೆಯ ಗಂಡು ಒಂಟಿಯಾಗಿ ಬಯಲು ದಾಟಿತು. ನಮ್ಮ ಪರ್ಮಿಟ್ಟಿಗೆ ತಕ್ಕ ಪ್ರಾಣಿಯೇ. ನೂರಿಪ್ಪತ್ತು ಗಜ ಇರಬಹುದು. ಅಡ್ಡಲಾಗಿ ನಿಂತಿತು. ಹಿಂದೆ ಬರೀ ಮಣ್ಣಿನ ದಿಬ್ಬ. ಈ ಸಲ ನಾನು ಬಾಯಿ ಬಿಡಲಿಲ್ಲ. ಅವಳ ಉಸಿರು ಒಳಗೆ ಹೋದದ್ದು, ಅರ್ಧ ಹೊರಗೆ ಬಂದು ನಿಂತದ್ದು ಕೇಳಿಸಿತು. ಅವಳ ಕಣ್ಣು ತೆರೆದೇ ಇತ್ತು, ನಾನು ಎಲ್ಕ್ ಬಿಟ್ಟು ಅದನ್ನೇ ನೋಡುತ್ತಿದ್ದೆ. ಒಂದೇ ಈಡು. ಪ್ರಾಣಿ ಏಳೆಂಟು ಹೆಜ್ಜೆ ನಡೆದು, ಮಲಗಲು ಜಾಗ ಹುಡುಕುವ ಎತ್ತಿನ ಹಾಗೆ ಮೊಣಕಾಲೂರಿ, ಮಗ್ಗುಲಾಯಿತು. ಮತ್ತೆ ಏಳಲಿಲ್ಲ. ಹುಡುಕಲು ಒಂದು ಹನಿ ರಕ್ತದ ಗುರುತೂ ಬೇಕಾಗಲಿಲ್ಲ. ಅವಳು ಹತ್ತಿರ ಹೋಗಿ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದಳು. ನಾವು ಮೂವರೂ ದೂರ ನಿಂತೆವು.

ಮೀರಾ ಮೆಸಾಗೆ ಬಂದು ಗರಾಜಿನಲ್ಲಿ ಪಾಲು ಹಾಕಿದೆವು. ಎಲೆ ಎಲ್ಲಿ ತರುವುದು, ಅಲ್ಯೂಮಿನಿಯಂ ಫಾಯಿಲ್ ಹಾಸಿದೆವು. ಮನೆಗೊಂದು, ಮನೆಯಲ್ಲೇ ಉಳಿದಿದ್ದ ನಾಯಿಗೊಂದು. ತೋಟಾ ತುಂಬುವಾಗೆಲ್ಲ ಬೆಂಚಿನ ಕೆಳಗೆ ಕಾವಲು ಕೂತದ್ದು ಅದೇ ತಾನೆ? ಪದ್ಧತಿಯನ್ನು ಮೊಮ್ಮಗಳಿಗೆ ಹೇಳಿದೆ. ಮೊದಲ ಪಾಲು, ಕೈಗೆ ಕೋವಿ ಕೊಟ್ಟವರಿಗೆ.

ಹೇಳಿ, ನಿಜ ಹೇಳುತ್ತೇನೆ, ನನ್ನ ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಸಿದ್ಧನಾಗಿ ನಿಂತಿದ್ದೆ.

ಅವಳು ಪಾಲನ್ನು ಎತ್ತಿ, ನನ್ನನ್ನು ದಾಟಿ, ಪಕ್ಕದ ಮನೆಯವರ ಕೈಗೆ ಇಟ್ಟಳು. "ಇದು ಆಂಟಿಗೆ" ಎಂದಳು, ಮೊದಲು ಕನ್ನಡದಲ್ಲಿ, ಆಮೇಲೆ ಅವರಿಗೆ ತಿಳಿಯುವ ಹಾಗೆ.

ಹೌದಲ್ಲ! ಅವಳ ಕೈಗೆ ಕೋವಿ ಕೊಟ್ಟವರು ಪಕ್ಕದ ಮನೆಯವರ ತೀರಿಹೋದ ಹೆಂಡತಿ. ನಮ್ಮ ಪದ್ಧತಿ ನನಗಿಂತ ಚೆನ್ನಾಗಿ ಅವಳಿಗೇ ಅರ್ಥವಾಗಿತ್ತು. ಪಕ್ಕದ ಮನೆಯವರು ಅದನ್ನು ಹಿಡಿದು ನಿಂತರು. ಆಮೇಲೆ ಬೆಂಚಿನ ಮೇಲಿನ ಚಾಕು ತೆಗೆದುಕೊಂಡು ಪಾಲನ್ನು ಸರಿಯಾಗಿ ಎರಡು ಮಾಡಿ, ಅರ್ಧವನ್ನು ನನ್ನ ಕೈಗೆ ಇಟ್ಟರು. ನಮ್ಮಿಬ್ಬರ ನಡುವೆ ಆ ಹೊತ್ತು ಕನ್ನಡಕ್ಕೆ ತರುವಂಥದ್ದು ಏನೂ ಇರಲಿಲ್ಲ.

ಆ ಅರ್ಧವನ್ನು ನನ್ನ ಹೆಂಡತಿ ಕಾಳುಮೆಣಸು ಹಾಕಿ ಸಾರು ಮಾಡಿದಳು. ಊರಿಂದ ತಂದ ರಾಗಿಹಿಟ್ಟಿನಲ್ಲಿ ಮುದ್ದೆ ಕಟ್ಟಿದಳು. ಹಿರಿಯರಿಗೆ ಎಡೆ ಇಡುವ ಪಿತೃಪಕ್ಷ ಆಗಲೇ ಕಳೆದಿತ್ತು.

"ತಡ ಆಯ್ತು ಅಂತ ನಿಮ್ಮಪ್ಪ ತಟ್ಟೆ ತಳ್ಳಲ್ಲ, ಇಡಿ" ಎಂದಳು.

ನಮ್ಮಪ್ಪನ ಫೋಟೋ ಇಲ್ಲ. ಗೋಡೆಯ ಪಕ್ಕ ಬಾಳೆಲೆಯ ಬದಲು ಒಂದು ಕಾಗದದ ತಟ್ಟೆ ಇಟ್ಟು, ಮುದ್ದೆ ಇಟ್ಟು, ಸಾರು ಬಿಟ್ಟೆ. ಕಡವೆ ಸಿಗಲಿಲ್ಲ ಅಪ್ಪ, ಅದರ ದೊಡ್ಡಣ್ಣನ ಪಾಲು ಇದು, ನಿನ್ನ ಮರಿಮಗಳು ಹೊಡೆದದ್ದು, ಒಂದೇ ಈಡು ಎಂದು ಮನಸ್ಸಿನಲ್ಲೇ ಹೇಳಿದೆ.

ಮೊಮ್ಮಗಳು ನನ್ನ ಪಕ್ಕ ಕೈ ಮುಗಿದು ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು.

"ತಾತ, ಮುತ್ತಾತಂಗೆ ತುಂಬಾ ಸ್ಪೈಸಿ ಆಗಲ್ವಾ?"